ಕಾಕಾರ ಕಿವಿ

ಹೋದ ವಾರ ಕಾಲೇಜು ಮುಗಿಸಿಕೊಂಡು ತಿಕೋಟಾದಿಂದ ವಿಜಯಪುರಕ್ಕೆ ಬರುತ್ತಿದ್ದೆ. ಬಿಳಿ ಕಾರೊಂದು ಹಿಂದಿನಿಂದ ಬಂದು ನನ್ನನ್ನು ದಾಟಿತು. ದಾಟುವಾಗ ಅದರ ಬಾನೆಟ್ಟಿನೊಳಗಿನಿಂದ ಸಣ್ಣದೊಂದು ಸೀಟಿ ಕೇಳಿಸಿತು, ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟ ಹಾಗೆ. ವೇಗ ಏರಿಸುವಾಗ ಬರಬಾರದ ಸದ್ದು ಅದು. 'ವಾಲ್ವ್ ಸೋರಾಕತ್ತೈತಿ, ಹೋಗೂಮುಂದ ಕಾಕಾಗ ಹೇಳಬೇಕು' ಎಂದು ಮನಸ್ಸು ತನ್ನಷ್ಟಕ್ಕೆ ತಾನೇ ಅಂದುಕೊಂಡುಬಿಟ್ಟಿತು. ಆಮೇಲೆ ನೆನಪಾಯಿತು, ಕಾಕಾ ತೀರಿಕೊಂಡು ಎರಡು ತಿಂಗಳಾಗಿದೆ. ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ ಹುಚ್ಚಿಯ ಹಾಗೆ ಅತ್ತೆ. ಐವತ್ತು ದಾಟಿದ ಹೆಂಗಸು, ಪಿಯು ಹುಡುಗರಿಗೆ ಭೌತಶಾಸ್ತ್ರ ಕಲಿಸುವವಳು, ಯಾರದೋ ಕಾರಿನ ಸೀಟಿ ಕೇಳಿ ಅಳುವುದನ್ನು ನೋಡಿದವರು ಏನೆಂದುಕೊಂಡರೋ.

ಕಾಕಾ ಎಂದರೆ ನನ್ನ ಸ್ವಂತ ಕಾಕಾ ಅಲ್ಲ. ಅಥಣಿ ರಸ್ತೆಯಲ್ಲಿ, ವಿಜಯಪುರದ ಮನೆಗಳು ಮುಗಿದು ಹೊಲ ಶುರುವಾಗುವ ಕಡೆ, ಎರಡು ಗಾಡಿ ನಿಲ್ಲುವಷ್ಟು ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್. ಊರಿಗೆಲ್ಲ ಅವರು ಕಾಕಾ. ಶೆಡ್ಡಿಗೆ ಒಂದು ಬೋರ್ಡು ಕೂಡ ಇರಲಿಲ್ಲ. ಕೇಳಿದರೆ, "ಬೋರ್ಡ್ ಯಾಕ್ರಿ? ಗಾಡಿ ಓದ್ತಾವೇನ?" ಎನ್ನುತ್ತಿದ್ದರು. ತಲೆಯ ಮೇಲೆ ಬಿಳಿ ಟೊಪ್ಪಿಗೆ. ದಿನವಿಡೀ ಎಂಜಿನ್ನಿನೊಳಗೆ ತಲೆ ತೂರಿಸಿಕೊಂಡಿದ್ದರೂ ಅದರ ಮೇಲೆ ಎಣ್ಣೆಯ ಒಂದು ಚುಕ್ಕೆ ಬಿದ್ದದ್ದನ್ನು ನಾನು ಎಂದೂ ನೋಡಿಲ್ಲ. ಅಂಗಿಯ ಕಥೆ ಬೇರೆ. ಅಂಗಿಯನ್ನು ನೋಡಿದರೆ ಯಾವ ಬಣ್ಣದ್ದು ಎಂದು ದೇವರಾಣೆಗೂ ಹೇಳಲಾಗುತ್ತಿರಲಿಲ್ಲ.

ಊಟದ ಹೊತ್ತಿಗೆ ಕೈ ತೊಳೆಯುವುದೇ ಒಂದು ಪೂಜೆ. ಮೊದಲು ಸೀಮೆಎಣ್ಣೆ, ಆಮೇಲೆ ಸಾಬೂನು, ಕೊನೆಗೆ ಅಂಗೈಗೆ ಒಂದು ಹನಿ ಶೇಂಗಾ ಎಣ್ಣೆ. ಆಮೇಲೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಶಾಸಕರ ಗಾಡಿ ಬಂದು ನಿಂತರೂ ಏಳುತ್ತಿರಲಿಲ್ಲ. "ಕೂಡ್ರಿ. ಶೇಂಗಾ ಚಟ್ನಿ ಹಚ್ಚಿ ಕೊಡಲೇನ್ರಿ ಒಂದ ರೊಟ್ಟಿ?" ಎಂದು ಬಂದವರನ್ನೇ ಕೂರಿಸುತ್ತಿದ್ದರು.

ಅವರ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಗಾಡಿ ತಂದವರು ಏನು ಕೆಟ್ಟಿದೆ ಎಂದು ಬಾಯಿ ಬಿಡಬಾರದು. "ಕಾಕಾ, ಪಿಕಪ್ ಇಲ್ರಿ..." ಎಂದು ಶುರು ಮಾಡಿದರೆ ಕೈ ಎತ್ತಿಬಿಡುತ್ತಿದ್ದರು. "ನಿಮ್ಮನ್ನ ಕೇಳಿನೇನ್ರಿ? ಗಾಡಿಗೆ ಬಾಯಿ ಐತಿ, ಅದ ಹೇಳ್ತೈತಿ." ಬಾನೆಟ್ ಎತ್ತುವ ಮೊದಲು ಮಾಲೀಕರಿಗೇ ಗಾಡಿ ಓಡಿಸಲು ಹೇಳಿ ತಾವು ಪಕ್ಕದಲ್ಲಿ ಕೂರುತ್ತಿದ್ದರು. ಕಿಟಕಿ ಮುಚ್ಚಬೇಕು, ಎ.ಸಿ. ಆರಿಸಬೇಕು, ಹಾಡು ಬಂದ್, ಬಾಯಿಯೂ ಬಂದ್. ಎರಡು ಮೂರು ಕಿಲೋಮೀಟರು ಹೋಗಿ ಬರುವಷ್ಟರಲ್ಲಿ ಕಾಯಿಲೆ ಗೊತ್ತಾಗಿರುತ್ತಿತ್ತು. ಒಮ್ಮೆ ಹೊನವಾಡದ ಗೌಡರ ಜೀಪು ಇನ್ನೂ ರಸ್ತೆಯಲ್ಲಿರುವಾಗಲೇ, "ಬರ್ರಿ ಗೌಡ್ರ, ಎಡಗಡೆ ಮುಂದಿನ ಬೇರಿಂಗ್ ಹೋಗೈತಿ" ಎಂದಿದ್ದರಂತೆ. ಆ ಗೌಡರು ಅದನ್ನು ಹತ್ತು ವರ್ಷ ಊರೂರಿಗೆ ಹೇಳಿಕೊಂಡು ತಿರುಗಿದರು. ಕಾಕಾರ ಕಿವಿ ಎಂದರೆ ಈ ಸೀಮೆಯಲ್ಲಿ ಒಂದು ಮಾತೇ ಆಗಿಹೋಗಿತ್ತು.

ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ. ಟರ್ಬೊ ಇರುವ ಪೆಟ್ರೋಲ್ ಗಾಡಿ, ಬೇರೆಯವರು ಓಡಿಸಿ ಬಿಟ್ಟದ್ದು. ಬಸ್ಸಿಗೆ ಕಾದು ಕಾದು ಸಾಕಾಗಿ ನಾನೇ ಹಟ ಹಿಡಿದು ತೆಗೆದುಕೊಂಡಿದ್ದೆ. ಮೊದಲ ಆರು ತಿಂಗಳು ರಾಣಿಯ ಹಾಗೆ ಓಡಿತು. ಆಮೇಲೊಂದು ದಿನ ಕಬ್ಬಿನ ಟ್ರ್ಯಾಕ್ಟರು ದಾಟಲು ಹೋಗಿ ಅರ್ಧಕ್ಕೇ ಉಸ್ಸೆಂದಿತು. ತುಳಿದಷ್ಟೂ ಸುಯ್ಗುಟ್ಟುತ್ತದೆ, ಎಳೆಯುವುದಿಲ್ಲ. ಎದುರಿಗೆ ಲಾರಿ. ಆ ಹೊತ್ತು ದೇವರು ದೊಡ್ಡವನು, ಹೇಗೋ ಹಿಂದೆ ಸರಿದು ಬದುಕಿದೆ.

ನಮ್ಮವರು ಬಾನೆಟ್ ತೆಗೆದು ನೋಡಿದರು. ಅವರದು ತಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ. ದ್ರಾಕ್ಷಿಯ ಊರು, ಡ್ರಿಪ್ ಇಲ್ಲದೆ ಅಲ್ಲಿ ಬಳ್ಳಿ ಬದುಕುವುದಿಲ್ಲ, ಹಾಗಾಗಿ ಆ ಕಡೆಯವರಿಗೆ ಜಗತ್ತಿನಲ್ಲಿ ಏನು ಹರಿದರೂ ಮುರಿದರೂ ಡ್ರಿಪ್ ಪೈಪಿನ ತುಂಡೇ ಮದ್ದು. ಬಾಗಿಲ ಚಿಲಕಕ್ಕೆ ಅದೇ, ಸೈಕಲ್ಲಿನ ಹಿಡಿಕೆಗೂ ಅದೇ, ನಮ್ಮ ಮನೆಯ ಕುಕ್ಕರಿನ ಕಿವಿಗೆ ಸುತ್ತಿರುವುದೂ ಅದೇ. ಎಂಜಿನ್ನಿನೊಳಗೆ ಕಿರುಬೆರಳಿನಷ್ಟು ದಪ್ಪದ ರಬ್ಬರ್ ಪೈಪೊಂದು ಸೀಳಿತ್ತು. ನಮ್ಮವರು ಅದನ್ನು ಕಿತ್ತೆಸೆದು ಡ್ರಿಪ್ ಪೈಪು ಸಿಕ್ಕಿಸಿ, ತಂತಿ ಬಿಗಿದು, "ಈಗ ನೋಡು, ಐವತ್ತ ವರ್ಷ ಚಿಂತಿಲ್ಲ" ಎಂದು ಕೈ ಒರೆಸಿಕೊಂಡರು. ಐದು ದಿನಕ್ಕೆ ಮತ್ತೆ ಸುಯ್ ಶುರುವಾಯಿತು. ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದರೆ ಅಲ್ಲಿಯ ಹುಡುಗರು ಕಂಪ್ಯೂಟರು ಹಚ್ಚಿ, ಟರ್ಬೊನೇ ಪೂರ್ತಿ ಬದಲಿಸಬೇಕು ಮೇಡಂ ಎಂದರು. ಆಗ ನಾನು ಕಾಕಾರ ಬಳಿ ಹೋದೆ.

ಅದು ಶನಿವಾರ ಮಧ್ಯಾಹ್ನ. ಕಟ್ಟಳೆಯಂತೆ ಕಿಟಕಿ ಮುಚ್ಚಿ, ಬಾಯಿ ಮುಚ್ಚಿ ಓಡಿಸಿದೆ. ಕಾಕಾ ಒಂದು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ, ಇನ್ನೊಂದನ್ನು ಬಾಗಿಲ ಮೇಲೆ ಇಟ್ಟು ಕಣ್ಣು ಮುಚ್ಚಿ ಕೂತಿದ್ದರು. ನಾನು ಆಕ್ಸಿಲರೇಟರ್ ತುಳಿದಾಗಲೆಲ್ಲ ಸೀಟಿ ನನ್ನ ಕಿವಿಯನ್ನೇ ಕೊರೆಯುವ ಹಾಗೆ ಬರುತ್ತಿತ್ತು. ವಾಪಸು ಬರುವಾಗ ಅವರು ಮೆಲ್ಲಗೆ, "ಬಾಯಾರ, ನಿಮಗೇನರ ಕೇಳಸ್ತೈತೇನ್ರಿ?" ಎಂದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಬಾಯಾರ ಎನ್ನುತ್ತಾರೆ. ಯಾರನ್ನೂ ಕೇಳದ ಮನುಷ್ಯ ನನ್ನನ್ನು ಕೇಳಿದ್ದು ಜಂಬವನ್ನೇ ತಂದಿತು. ಟರ್ಬೊ, ಒತ್ತಡ, ಗಾಳಿಯ ವೇಗ ಎಂದು ಅರ್ಧ ಪೀರಿಯಡ್ಡಿನ ಪಾಠ ಒಪ್ಪಿಸಿದೆ. ಕಾಕಾ ಪೂರ್ತಿ ಕೇಳಿ ನಕ್ಕರು.

"ಬಾಯಾರ, ಮನ್ಯಾಗ ಕುಕ್ಕರ್ ಇಡ್ತೀರಲ್ರಿ? ವೇಟ್ ಸರಿ ಕುಂತಿಲ್ಲಂದ್ರ ಉಗಿ ಎಲ್ಲಾ ಹೊರಗ ಹೊಕ್ಕೈತಿ, ಬ್ಯಾಳಿ ಬೇಯೂದಿಲ್ಲ. ಇದೂ ಹಂಗ. ಟರ್ಬೊ ಗಾಳಿ ತುಂಬ್ತೈತಿ. ನೀವು ಕಾಲ ತಗದಾಗ ಆ ಗಾಳಿಗೆ ಹೋಗಾಕ ಜಾಗ ಬೇಕು, ಅದಕ್ಕ ಒಂದ ವಾಲ್ವ್ ಇಟ್ಟಾರ. ಕಾಲ ತಗದಾಗ ಬಾಯಿ ತಗೀಬೇಕು, ತುಳದಾಗ ಮುಚಗೊಂಡಿರಬೇಕು. ನಿಮ್ಮದು ತುಳದಾಗೂ ಬಾಯಿ ಬಿಡಾಕತ್ತೈತಿ."

"ಹಂಗಾರ ಟರ್ಬೊ?"

"ಟರ್ಬೊ ಗಟ್ಟಿ ಐತಿ. ಬಾಯಿ ಬಿಡೂದು ವಾಲ್ವ್, ಹೆಸರ ಕೆಡೂದು ಟರ್ಬೊಂದು."

ಶೆಡ್ಡಿನಲ್ಲಿ ಅವರು ಮಾಡಿದ ಪರೀಕ್ಷೆಯನ್ನು ನಾನು ಆಮೇಲೆ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಹಳೆಯ ಡಬ್ಬಿಯ ಮುಚ್ಚಳಕ್ಕೆ ಟ್ಯೂಬಿನ ವಾಲ್ವ್ ಕೂರಿಸಿ ತಾವೇ ಮಾಡಿಕೊಂಡ ಒಂದು ಬಿರಡೆ ಇತ್ತು. ಗಾಳಿ ಒಳಗೆ ಹೋಗುವ ದೊಡ್ಡ ಪೈಪಿಗೆ ಅದನ್ನು ಬಿಗಿದು, ಎಂಜಿನ್ ಆರಿಸಿಯೇ, ಪಂಪಿನಿಂದ ಹದವಾಗಿ ಗಾಳಿ ತುಂಬಿದರು. ಆಮೇಲೆ ಬಟ್ಟಲಿನಲ್ಲಿ ಸಾಬೂನಿನ ನೀರು ಕಲಸಿ, ಹಳೆಯ ದಾಡಿ ಬ್ರಷ್ಷಿನಿಂದ ಒಂದೊಂದು ಜೋಡಣೆಗೂ ಬಳಿಯತೊಡಗಿದರು. ಸೋರುವ ಕಡೆ ಗುಳ್ಳೆ ಏಳುತ್ತದೆ.

ನನಗೆ ಆಶ್ಚರ್ಯವಾದದ್ದು ಅಲ್ಲೇ. ಗಾಳಿ ಬಲಗಡೆ, ಬ್ಯಾಟರಿಯ ಹಿಂದೆ ಸೋರುತ್ತಿತ್ತು. ಮಾರು ದೂರ ನಿಂತ ನನಗೆ ಸುಯ್ಯೆಂದು ಕೇಳುತ್ತಿತ್ತು. ಕಾಕಾ ಎಡಗಡೆಯಿಂದ ಶುರು ಮಾಡಿ, ಅವಸರವಿಲ್ಲದೆ, ಒಂದೊಂದೇ ಪೈಪಿಗೆ ಸುಣ್ಣ ಬಳಿದ ಹಾಗೆ ಬಳಿಯುತ್ತಿದ್ದಾರೆ. ನಾನು ಬೆನ್ನ ಹಿಂದೆ ನಿಂತು, "ಕಾಕಾ, ಈ ಕಡೆ ಸಪ್ಪಳ ಬರಾಕತ್ತೈತಿ" ಎಂದೆ. ತಿರುಗಲಿಲ್ಲ. ಇನ್ನೊಂದು ಸಲ ಹೇಳಿದೆ. ಊಹೂಂ. ಕೊನೆಗೆ ಬ್ರಷ್ಷೇ ಬಲಗಡೆಗೆ ಬಂತು, ಗುಳ್ಳೆ ಬುಳುಬುಳು ಎದ್ದಿತು, ಕಾಕಾರ ಮುಖ ಅರಳಿತು. ವಾಲ್ವಿನ ನೆತ್ತಿಗೆ ಹೋಗುವ ಸಣ್ಣ ಪೈಪಿನ ಬುಡದಲ್ಲಿ.

"ಈ ಕರಿ ಪೈಪ ಯಾರ ಹಾಕ್ಯಾರ್ರಿ?"

"ಗೊತ್ತಿಲ್ರಿ," ಎಂದೆ. ಗಂಡನ ಮಾನ ಉಳಿಸುವ ಪ್ರಸಂಗ ನನಗೆ ಆಗಾಗ ಬರುತ್ತದೆ.

"ನಿಮ್ಮ ಯಜಮಾನ್ರು ಏನ ಮಾಡ್ತಾರ?"

"ತಿಕೋಟಾದಾಗ ಡ್ರಿಪ್ಪಿನ ಅಂಗಡಿ ಐತ್ರಿ."

"ಹಂಗಾರ ಈ ವರ್ಷ ಬಾನೆಟ್ಟಿನ್ಯಾಗ ದ್ರಾಕ್ಷಿ ಬಿಡ್ತಾವ ಬಿಡ್ರಿ," ಎಂದು ಟೊಪ್ಪಿಗೆ ಸರಿಮಾಡಿಕೊಂಡರು. ನಾನು ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಸಣ್ಣ ಪೈಪಿನ ಗಾಳಿಯೇ ವಾಲ್ವಿನ ಬಾಯನ್ನು ಮೇಲಿನಿಂದ ಒತ್ತಿ ಹಿಡಿಯುವುದಂತೆ. ಎಂಜಿನ್ನಿನ ಕಾವಿಗೆ ಡ್ರಿಪ್ ಪೈಪು ಸಡಿಲಾಗಿ ಗಾಳಿ ಬಿಟ್ಟಿತ್ತು, ಒತ್ತುವವರಿಲ್ಲದೆ ವಾಲ್ವು ಬಾಯಿ ತೆರೆದಿತ್ತು.

ಅಷ್ಟಕ್ಕೇ ಬಿಡಲಿಲ್ಲ. ವಾಲ್ವನ್ನೇ ಕಳಚಿ, ಬಟ್ಟೆಯಲ್ಲಿ ಒರೆಸಿ, ಅದರ ಸಣ್ಣ ಮೂತಿಯನ್ನು ಬಾಯಲ್ಲಿಟ್ಟು ಗಾಳಿ ಎಳೆದು ನಾಲಿಗೆಯ ತುದಿ ಒತ್ತಿ ಹಿಡಿದರು. "ಒಳಗಿನ ರಬ್ಬರ್ ಸಾಬೂತ ಇತ್ತಂದ್ರ ನಾಲಿಗಿ ಹಿಡಕೊಂಡ ಬಿಡೂದಿಲ್ಲ. ಇದು ಬಿಟ್ಟಬಿಡ್ತು. ಹರದೈತಿ." ನನಗೂ ಕೊಟ್ಟರು. ಕಾಲೇಜಿನ ಲ್ಯಾಬಿನಲ್ಲಿ ಯಾವ ಉಪಕರಣವನ್ನೂ ನಾನು ಬಾಯಿಗಿಟ್ಟವಳಲ್ಲ. ಅಂದು ಇಟ್ಟೆ. ಪೆಟ್ರೋಲಿನ ಕಹಿ ನಾಲಿಗೆಯ ಮೇಲೆ ಮರುದಿನದ ತನಕ ಇತ್ತು.

ಸೊಲ್ಲಾಪುರದಿಂದ ಬಸ್ಸಿನಲ್ಲಿ ಹೊಸ ವಾಲ್ವ್, ಸರಿಯಾದ ರಬ್ಬರ್ ಪೈಪು ತರಿಸಿ ಮುಂದಿನ ಶನಿವಾರ ಹಾಕಿದರು. ಗಾಡಿ ಮತ್ತೆ ರಾಣಿಯಾಯಿತು. ಆದರೆ ಆ ಎರಡು ಶನಿವಾರ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಸಣ್ಣ, ಎತ್ತರದ ದನಿ ಎಂದು ನಾನೇ ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಬೇರಿಂಗಿನ ಗುಡುಗುಡು, ಡೀಸೆಲ್ ಎಂಜಿನ್ನಿನ ಬಡಿತ ಉಳಿಯುತ್ತದೆ. ಸೀಟಿ ಹೋಗುತ್ತದೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಗುಣ ನನ್ನದಲ್ಲ. ಎದುರಿಗೆ ನಿಂತು ಕೇಳಿಯೇಬಿಟ್ಟೆ.

"ಕಾಕಾ, ನಿಮಗ ಸೀಟಿ ಕೇಳಸೂದಿಲ್ಲ ಅಲ್ರಿ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ರಸ್ತೆಯ ಕಡೆ ನೋಡಿದರು, ಯಾರೂ ಇರಲಿಲ್ಲ.

"ಮೂರ ವರ್ಷ ಆತ್ರಿ. ಮೊದಲ ಗುಬ್ಬಿ ದನಿ ಹೋತು. ಹೊರಗಿನ ಈ ಬೇವಿನ ಗಿಡದಾಗ ಗುಬ್ಬಿ ಇಲ್ಲಂತ ತಿಳಕೊಂಡಿದ್ದೆ. ಒಂದಿನ ಮ್ಯಾಲ ನೋಡಿದ್ರ ಗಿಡದ ತುಂಬ ಕುಂತಾವ." ಬಟ್ಟೆಗೆ ಕೈ ಒರೆಸಿಕೊಂಡರು. "ಹಳೀ ಗಾಡಿ ಎಲ್ಲಾ ದಪ್ಪ ದನ್ಯಾಗ ಅಳ್ತಿದ್ದು. ಈ ಟರ್ಬೊ ಬಂದು ನನ್ನ ಗೋಣ ಮುರದ್ವು. ಯಾರ ಮುಂದೂ ಹೇಳಬ್ಯಾಡ್ರಿ, ಬಾಯಾರ. ನಂದ ಬೋರ್ಡ್ ಅಂದ್ರ ಇದೊಂದ ಕಿವಿ."

"ಕಿವಿಗೆ ಮಷೀನ್ ಸಿಗ್ತಾವಲ್ರಿ?"

"ಕಿವ್ಯಾಗ ಮಷೀನ್ ಇಟಗೊಂಡ ಗಾಡಿ ಸಪ್ಪಳ ಹೇಳ್ತೀನಿ ಅಂದ್ರ ಯಾರ ನಂಬ್ತಾರ್ರಿ? ಕುಂಟ ಬಂದು ಓಡೂದ ಕಲಸ್ತೀನಿ ಅಂದಂಗ."

ಹೇಳುವುದಿಲ್ಲ ಎಂದೆ. ಆಣೆ ಇಡಲಿಲ್ಲ, ಇಡು ಎಂದು ಅವರೂ ಕೇಳಲಿಲ್ಲ.

ಅಂದಿನಿಂದ ಶನಿವಾರದ ಅರ್ಧ ದಿನದ ಕಾಲೇಜು ಮುಗಿಸಿ ನಾನು ಶೆಡ್ಡಿಗೆ ಹೋಗತೊಡಗಿದೆ. ಟರ್ಬೊ ಗಾಡಿಯವರಿಗೆಲ್ಲ ಕಾಕಾ ಶನಿವಾರವೇ ಬರಲು ಹೇಳುತ್ತಿದ್ದರು. "ಬಾಯಾರ ಕಾಲೇಜಿಗೆ ಎಂಜಿನ್ ಮ್ಯಾಲ ಏನೋ ಬರ್ಯಾಕತ್ತಾರ" ಎಂದು ಗಿರಾಕಿಗಳಿಗೆ ನನ್ನ ಪರಿಚಯ ಮಾಡಿಸುತ್ತಿದ್ದರು. ನಾನು ಒಂದು ನೋಟ್‌ಬುಕ್ಕು ಹಿಡಿದು ಗಂಭೀರವಾಗಿ ಕೂರುತ್ತಿದ್ದೆ. ಎಂಜಿನ್ ಶುರುವಾದಾಗ ಕೇಳಿಸಿಕೊಳ್ಳುವುದು ನನ್ನ ಕೆಲಸ. ಸೀಟಿ ಎಡಗಡೆ ಬಂದರೆ ಚಹಾದ ಗ್ಲಾಸು ಎಡಗೈಗೆ, ಬಲಗಡೆ ಬಂದರೆ ಬಲಗೈಗೆ. ಏನೂ ಇಲ್ಲದಿದ್ದರೆ ಗ್ಲಾಸು ಕೆಳಗೆ. ಕಾಕಾ ಒಮ್ಮೆ ಓರೆಗಣ್ಣಿನಲ್ಲಿ ನೋಡಿ, ಬಾನೆಟ್ಟಿನೊಳಗೆ ಬಾಗಿ, ಕಿವಿಗೆ ರಬ್ಬರ್ ಪೈಪು ಹಚ್ಚಿಕೊಂಡು, "ಹ್ಞಾಂ... ಇಲ್ಲೈತಿ ನೋಡ್ರಿ" ಎನ್ನುತ್ತಿದ್ದರು. ನಾನು ಗ್ಲಾಸಿನ ಹಿಂದೆ ನಗು ಮರೆಸಲು ಒದ್ದಾಡುತ್ತಿದ್ದೆ. ಒಮ್ಮೆ ಸೊಳ್ಳೆ ಕಚ್ಚಿತೆಂದು ಗ್ಲಾಸು ಕೈ ಬದಲಿಸಿ ಅವರನ್ನು ಅರ್ಧ ತಾಸು ತಪ್ಪು ಕಡೆ ಹುಡುಕಿಸಿದ್ದೆ. ಗಿರಾಕಿ ಹೋದ ಮೇಲೆ, "ಏ ಬಾಯಾರ, ಸೊಳ್ಳಿಗೂ ವಾಲ್ವ್ ಸೋರ್ತೈತೇನ್ರಿ?" ಎಂದು ಬೈದರು. ಬೈಯುವಾಗ ಕಣ್ಣು ನಗುತ್ತಿದ್ದವು.

ಅವರಿಂದ ನಾನು ಕೇಳುವುದನ್ನು ಕಲಿತೆ. ಕಿವಿ ಹೋಗುತ್ತಿದ್ದ ಮನುಷ್ಯ ನನಗೆ ಕಿವಿ ಕೊಟ್ಟರು ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ಇದ್ದದ್ದೇ ಹಾಗೆ. "ಏನ ಕೇಳಸ್ತು?" ಎಂದರೆ "ಸೀಟಿ" ಎನ್ನುತ್ತಿದ್ದೆ. "ಎಂಥಾ ಸೀಟಿ? ಹಸೀದೋ ಒಣಗಿದ್ದೋ? ತುಳದಕೂಡ್ಲೆ ಬರ್ತೈತೋ, ಒಂದ ಉಸರ ತಡದ ಬರ್ತೈತೋ?" ಎಂದು ಪೀಡಿಸುತ್ತಿದ್ದರು. ಇಪ್ಪತ್ತು ವರ್ಷ ಶಬ್ದದ ಅಲೆಗಳನ್ನು ಬೋರ್ಡಿನ ಮೇಲೆ ಬರೆದವಳು ನಾನು. ಕೇಳಿರಲಿಲ್ಲ. ಹಾಗೆ ಎರಡು ವರ್ಷ ಶನಿವಾರಗಳು ಹೋದವು. ಮನೆಯಲ್ಲಿ, ಕಾಲೇಜಿನಲ್ಲಿ ನಾನು ಎಲ್ಲರಿಗೂ ಬೇಕಾದವಳೇ, ಆದರೆ ಆ ತಗಡಿನ ಶೆಡ್ಡಿನಲ್ಲಿ ಆದಷ್ಟು ಸುಖ ನನಗೆ ಬೇರೆಲ್ಲೂ ಆಗಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದೆ.

ಒಂದು ಶನಿವಾರ ಮನೆಗೆ ಬರುವಾಗ ಹೊತ್ತಾಗಿತ್ತು. ನಮ್ಮವರ ಸೋದರಿಕೆಯವರು ಬಂದು, ಕಾದು, ಹೋಗಿಬಿಟ್ಟಿದ್ದರು. ನಮ್ಮವರು ಸಿಟ್ಟಿನಲ್ಲಿದ್ದರು. "ವಾರಾ ವಾರಾ ಆ ಗ್ಯಾರೇಜಿನ್ಯಾಗ ಏನ ಕೆಲಸ ನಿಂದು? ಮಂದಿ ನನ್ನ ಅಂಗಡ್ಯಾಗ ಬಂದು ನಗ್ತಾರ. ಆ ಮುದಕ ಕಿವೀಲೆ ಕೇಳತಾನ, ನೀ ಅಲ್ಲಿ ಕುಂತ ಏನ ಕೇಳ್ತಿ?" ಎಂದರು. ಮಂದಿ ನಗುತ್ತಾರೆ ಎಂದದ್ದು ನನ್ನನ್ನು ಚುಚ್ಚಿತು. ನನ್ನ ಬಾಯಿ ನನಗಿಂತ ಮುಂದೆ ಓಡಿತು.

"ಅವರಿಗೆಲ್ಲಿ ಕೇಳಸ್ತೈತಿ? ಅವರಿಗೆ ಸೀಟಿ ಕೇಳಸೂದನ ಇಲ್ಲ! ನಾ ಕೇಳಿ ಹೇಳ್ತೀನಿ, ಅವರು ಮಾಡ್ತಾರ! ಗೊತ್ತಾತ?"

ಹೇಳಿದಾಗ ಒಳಗೆ ಒಂದು ಕ್ಷಣ ಹೆಮ್ಮೆಯಾಯಿತು. ಅದನ್ನೂ ಬರೆಯಬೇಕು, ಮುಚ್ಚಿಟ್ಟರೆ ಏನು ಪ್ರಯೋಜನ? ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. "ಯಾರಿಗೂ ಅನಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ" ಎಂದೆ. "ಏ, ನನಗ್ಯಾಕ ಬೇಕ ಊರ ಉಸಾಬರಿ" ಎಂದರು. ನಮ್ಮವರು ಕೆಟ್ಟವರಲ್ಲ. ಆದರೆ ಡ್ರಿಪ್ಪಿನ ಅಂಗಡಿ ಎಂದರೆ ತೋಟದವರೆಲ್ಲ ಬಂದು ಚಹಾ ಕುಡಿಯುವ ಜಾಗ. ಯಾರೋ ಮತ್ತೆ ನನ್ನ ಶನಿವಾರದ ಬಗ್ಗೆ ನಗೆಯಾಡಿದಾಗ, ಹೆಂಡತಿಯ ಪರ ಮಾತಾಡಲೆಂದೇ ಅವರು ಹೇಳಿದರಂತೆ, "ಆ ಗ್ಯಾರೇಜ್ ನಡ್ಯಾಕತ್ತಿದ್ದು ನಮ್ಮಕಿ ಕಿವಿ ಮ್ಯಾಲರೀ!" ಎಂದು. ಆ ಮಾತು ಅಲ್ಲಿಂದ ಕಳ್ಳಕವಟಗಿಗೆ, ಹೊನವಾಡಕ್ಕೆ, ಬಬಲೇಶ್ವರಕ್ಕೆ ಹೋಗಲು ಒಂದು ವಾರವೂ ಬೇಕಾಗಲಿಲ್ಲ.

ಮುಂದಿನ ಶನಿವಾರ ಬಬಲೇಶ್ವರದಿಂದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಬಂದ. ಜೊತೆಗೆ ಇಬ್ಬರು ಗೆಳೆಯರು. ಗಾಡಿಗೆ ಎಲ್ಲಿಂದಲೋ ತರಿಸಿದ ದೊಡ್ಡ ಸದ್ದಿನ ವಾಲ್ವು ಹಾಕಿಸಿಕೊಂಡಿದ್ದ, ಕಾಲು ತೆಗೆದರೆ ಬುಸ್ಸೆಂದು ಹಾವಿನ ಹಾಗೆ ಬುಸುಗುಡುತ್ತಿತ್ತು. ನಾನು ಗ್ಲಾಸು ಹಿಡಿದು ಕೂತಿದ್ದೆ. ಅವನು ನನ್ನನ್ನು ನೋಡಿ ನಕ್ಕ.

"ಬಾಯಾರ ಸ್ವಲ್ಪ ಹೊರಗ ಹೋಗ್ಲಿ ಕಾಕಾ. ಇವತ್ತ ನೀವೊಬ್ರ ಕೇಳಿ ಹೇಳ್ರಿ ನೋಡೂಣು. ತುಳದಾಗ ಎಲ್ಲಿ ಸೋರ್ತೈತಿ? ಎಡಕ್ಕೊ, ಬಲಕ್ಕೊ?"

ಕಾಕಾ ನನ್ನ ಕಡೆ ತಿರುಗಿದರು. ಒಂದೇ ಸಲ. ನಾನು ತಲೆ ತಗ್ಗಿಸಿದೆ. ಅವರಿಗೆ ಅಷ್ಟು ಸಾಕಾಗಿತ್ತು. ಎದ್ದು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತೆ. ಎಂಜಿನ್ ಶುರುವಾಯಿತು. ಬಲಗಡೆ ಸೋರುತ್ತಿತ್ತು, ಅಲ್ಲಿಂದಲೂ ನನಗೆ ಕೇಳುತ್ತಿತ್ತು. ಓಡಿ ಹೋಗಿ ಹೇಳಿಬಿಡಲೇ ಎನ್ನಿಸಿತು.

"ಎಡಕ್ಕ," ಎಂದರು ಕಾಕಾ.

ಮೂವರೂ ಹೋ ಎಂದು ನಕ್ಕರು. ಕಾಕಾ ಎಂಜಿನ್ ಆರಿಸಿ, ಆ ವಾಲ್ವನ್ನು ಕಳಚಿ, ಬೆರಳಿನಿಂದ ಸವರಿ, ನಾಲಿಗೆಗೆ ಹಚ್ಚಿ, ಕೂರುವ ಕಡೆಯ ರಬ್ಬರ್ ಉಂಗುರ ಕೂದಲೆಳೆಯಷ್ಟು ತುಂಡಾದದ್ದನ್ನು ಹುಡುಕಿ ತೆಗೆದು ಆ ಮನುಷ್ಯನ ಅಂಗೈಯಲ್ಲಿಟ್ಟರು. ಹೊಸದು ಹಾಕಿದರು. ಗಾಡಿ ಸರಿಯಾಯಿತು. ಆದರೆ ಬಬಲೇಶ್ವರಕ್ಕೆ ಹೋದದ್ದು 'ಎಡಕ್ಕ' ಎಂಬ ಮಾತು ಮಾತ್ರ. ಉಂಗುರದ ಸುದ್ದಿ ಯಾರಿಗೆ ಬೇಕು?

ಗಾಡಿ ಹೋದ ಮೇಲೆ ನಾನು ಒಳಗೆ ಹೋಗಲಿಲ್ಲ. ಕಾಕಾ ಬಾಗಿಲಲ್ಲಿ ನಿಂತು, "ಬಾಯಾರ, ಚಾ ಆರಾಕತ್ತೈತಿ" ಎಂದರು. ಮುಖ ತೋರಿಸಲಾರದೆ, ಕೆಲಸವಿದೆ ಎಂದು ಸುಳ್ಳು ಹೇಳಿ ಕಾರು ಹತ್ತಿ ಬಂದುಬಿಟ್ಟೆ. ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಆ ಶೆಡ್ಡು ನಾನು ದಿನಾ ಹೋಗುವ ರಸ್ತೆಯಲ್ಲೇ ಇತ್ತಲ್ಲ, ಕಾರು ಬಿಟ್ಟು ಬಸ್ಸಿಗೆ ಹೋಗತೊಡಗಿದೆ. ಹೋಗುವಾಗ ಬಲಗಡೆಯ ಸೀಟು, ಬರುವಾಗ ಎಡಗಡೆಯದು. ಶೆಡ್ಡು ಕಾಣದಂತೆ. ಗಿರಾಕಿಗಳು ಕಡಿಮೆಯಾದರು, ಟ್ರ್ಯಾಕ್ಟರು ಮಾತ್ರ ಬರುತ್ತವೆ, ಅವೂ ಇಲ್ಲ, ಶೆಡ್ಡಿಗೆ ಬೀಗ ಬಿತ್ತು ಎಂಬುದೆಲ್ಲ ಕಿವಿಗೆ ಬೀಳುತ್ತಿತ್ತು. ನಾಳೆ ಹೋಗೋಣ ಎನ್ನುತ್ತ ಒಂದು ವರ್ಷ ಕಳೆದೆ. ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆಮೇಲೆ ಮತ್ತೆ ಕಾರು ಹೊರತೆಗೆದೆ, ತಪ್ಪಿಸಿಕೊಂಡು ಓಡಾಡಲು ಆ ರಸ್ತೆಯಲ್ಲಿ ಇನ್ನು ಯಾರೂ ಇರಲಿಲ್ಲ.

ಹೋದ ವಾರ ರಸ್ತೆಯಲ್ಲಿ ಅತ್ತ ಮೇಲೆ ಮಾತ್ರ ತಡೆಯಲಾಗಲಿಲ್ಲ. ಮರುದಿನ ಊರೊಳಗಿನ ಶಹಾಪುರ ಅಗಸಿಯ ಕಡೆ ಅವರ ಮನೆ ಹುಡುಕಿಕೊಂಡು ಹೋದೆ. ಕಾಕಾರ ಹೆಂಡತಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಅವರನ್ನು ಹಿಂದೆ ನೋಡಿರಲಿಲ್ಲ, ಅವರೂ ನನ್ನನ್ನು ನೋಡಿದವರಲ್ಲ.

"ಬಾಯಾರ ಅಲ್ರಿ ನೀವು?" ಎಂದರು. "ಬರ್ರಿ, ಕೂಡ್ರಿ. ಗುರ್ತ ಹಿಡದೆ. ಅವರು ಹೇಳಿದ್ದು ಕೇಳಿ ಕೇಳಿ ನೋಡಿದಂಗ ಆಗಿತ್ತು."

ಹೃದಯದ ಕಾಯಿಲೆ, ನಿದ್ದೆಯಲ್ಲೇ ಹೋದರು, ಒದ್ದಾಡಲಿಲ್ಲ ಎಂದು ಹೇಳಿದರು. ಆಮೇಲೆ ಜೋಳದಲ್ಲಿ ಬೆರಳಾಡಿಸುತ್ತ, "ಬೀಗ ಹಾಕಿದ ಮ್ಯಾಲೂ ಶನಿವಾರ ಮಧ್ಯಾಹ್ನ ಹೋಗಿ ಶೆಡ್ ತಗದ ಕುಂದರತಿದ್ರು. ಗಾಡಿ ಇಲ್ಲ, ಗಿರಾಕಿ ಇಲ್ಲ. ಯಾರ ಬರ್ತಾರಂತ ಕುಂದರತೀರಿ ಅಂತ ನಾ ಜಗಳಾಡ್ತಿದ್ದೆ. 'ಬರಬೌದು' ಅಂತಿದ್ರು. ಸಂಜೀತನಕ ಕುಂತು ಬರ್ತಿದ್ರು. ಯಾರೋ ಪುಣ್ಯಾತ್ಮರು ಅವರ ಕಿವಿ ಸುದ್ದಿ ಊರಿಗೆ ಹಬ್ಬಿಸಿ ಮನಷಾನ್ನ ಹಾಳ ಮಾಡಿದ್ರು, ಬಾಯಾರ. ಯಾರಂತ ನೂರ ಸಲ ಕೇಳಿದೆ. ಗೊತ್ತಿತ್ತು ಅವರಿಗೆ. ಸಾಯೂತನಕ ಹೆಸರ ಹೇಳಲಿಲ್ಲ" ಎಂದರು.

ಅವರ ಒಂದು ಗುಟ್ಟನ್ನು ನನಗೆ ಉಳಿಸಲಾಗಲಿಲ್ಲ. ನನ್ನದನ್ನು ಅವರು ಹೆಂಡತಿಗೂ ಹೇಳದೆ ಒಯ್ದಿದ್ದರು. ಸುಮ್ಮನೆ ಎದ್ದು ಬರಬಹುದಿತ್ತು.

"ಕಾಕು," ಎಂದೆ, "ಹೇಳಿದಾಕಿ ನಾನ."

ಮೊರ ನಿಂತಿತು. ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡೆ, ಅಂದಿದ್ದರೆ ಹಗುರವಾಗುತ್ತಿತ್ತು. ಅವರ ಕಣ್ಣು ತುಂಬಿದವು.

"ಹಂಗಾರ ಶನಿವಾರ ಕಾಯ್ತಿದ್ದದ್ದು ನಿಮ್ಮನ್ನ," ಎಂದರು. "ಬಂದು ಬೈಸ್ಕೊಂಡ ಹೋಗಬಾರದಾಗಿತ್ತೇನ್ರಿ, ಬಾಯಾರ? ಒಂದ ಸಲ ಬೈದು ಚಾ ತರಸ್ತಿದ್ರು ಅವರು."